ಚೆಂಡು ಅವರ ಬ್ಯಾಟಿಗೇ

೯ ಮಾರ್ಚ್ ೧೯೯೮, ಸೋಮವಾರ

ಬೆಳಗಾವಿಯ ಟೆನಿಸ್ ಟೂರ್ನಿಯಿಂದ ಬೆಳಿಗ್ಗೆ ಬಂದಿಳಿದೆ. ಮೊದಲ ಸುತ್ತಿನಲ್ಲಿ ಮೂರನೇ ಶ್ರೇಯಾಂಕದವನನ್ನು ೬-೧, ೬-೨ರಲ್ಲಿ ಹೊಡೆದು ಮನೆಗೆ ಕಳಿಸಿದೆ. ಎರಡನೇ ಸುತ್ತಿನಲ್ಲಿ ಇನ್ನೂ ಮೀಸೆ ಚಿಗುರದವನೊಬ್ಬ ನನ್ನನ್ನು ಮನೆಗೆ ಕಳಿಸಿದ. ಅವನ ಹೆಸರು ದೇಶದ ಪಟ್ಟಿಯಲ್ಲಿ ದುರ್ಬೀನು ಹಾಕಿದರೂ ಸಿಗುವುದಿಲ್ಲ. ನನ್ನದು ಸಿಗುತ್ತದೆ, ಪುಟ ತಿರುಗಿಸಬೇಕು ಅಷ್ಟೆ. ನೂರ ನಲವತ್ತಮೂರು.

ಸೋಲಿಗೆ ಕಾರಣ ಮೂರು. ಬಿಸಿಲು ನನ್ನ ಮುಖಕ್ಕೇ ಹೊಡೆಯುತ್ತಿತ್ತು (ಕಡೆ ಬದಲಾಯಿಸಿದರೂ ಹೊಡೆಯುತ್ತಿತ್ತು, ಹೇಗೋ ಗೊತ್ತಿಲ್ಲ). ರಾಕೆಟ್ಟಿನ ತಂತಿಯ ಗಟ್ಟಿಂಗ್ ಸಡಿಲವಾಗಿತ್ತು. ಹೋಟೆಲಿನ ಉಪ್ಪಿಟ್ಟಿಗೆ ಡಾಲ್ಡಾ ಹಾಕಿದ್ದರು.

ಪತ್ರಿಕೆಯಲ್ಲಿ ಒಂದು ಸಾಲು ಬಂದಿದೆ: 'ಮೈಸೂರಿನ ಭರವಸೆಯ ಆಟಗಾರ ಎಸ್. ಮಹಾಂತೇಶ್ ಕೂಡ ಹೊರಬಿದ್ದರು.' ಕತ್ತರಿಸಿ ಫೈಲಿಗೆ ಅಂಟಿಸಿದೆ. ಫೈಲು ತಿರುವಿದರೆ ಹದಿನೇಳನೇ ವಯಸ್ಸಿನಲ್ಲೂ ಭರವಸೆಯ ಆಟಗಾರ, ಇಪ್ಪತ್ತೈದಕ್ಕೂ ಭರವಸೆಯ ಆಟಗಾರ. ಅಪ್ಪನಿಗೆ ತೋರಿಸಬಾರದಾಗಿತ್ತು. ಅಂಗಡಿಗೆ ಹೊರಟಿದ್ದವರು ಚಪ್ಪಲಿ ಹಾಕಿಕೊಳ್ಳುತ್ತಲೇ ಓದಿದರು.

"ಎಂಟು ವರ್ಷದಿಂದ ಅದೇ ಭರವಸೆ ಕೊಡ್ತಾ ಇದೀಯಲ್ಲೋ. ಎಲೆಕ್ಷನ್ನಿಗೆ ನಿಲ್ಲೋರೂ ಐದು ವರ್ಷಕ್ಕೊಂದ್ಸಲ ಹೊಸದು ಕೊಡ್ತಾರೆ ಕಣೋ."

ಅಮ್ಮ ನಗು ತಡೆಯಲಾರದೆ ಅಡುಗೆಮನೆಗೆ ಹೋದಳು. ನನ್ನ ಕಡೆಯವರು ಅಂತ ಈ ಮನೆಯಲ್ಲಿ ಯಾರೂ ಇಲ್ಲ.

೧೬ ಮಾರ್ಚ್

ಒಳ್ಳೆಯ ಸುದ್ದಿಯೂ ಹೌದು, ಅಲ್ಲವೂ ಹೌದು. ನಮ್ಮೂರಿನ ದೊಡ್ಡ ಕಾರ್ಖಾನೆಯೊಂದರ ಸ್ಪೋರ್ಟ್ಸ್ ಆಫೀಸರ್ ತೋಮಸ್ ಸಾಹೇಬರು ಕರೆಸಿದ್ದರು. ಕ್ರೀಡಾ ಕೋಟಾದಲ್ಲಿ ಒಂದು ಹುದ್ದೆ ಇದೆ. ಪರ್ಮನೆಂಟು. ಮಧ್ಯಾಹ್ನದ ಮೇಲೆ ಪ್ರಾಕ್ಟೀಸಿಗೆ ಬಿಡುತ್ತಾರೆ, ಟೂರ್ನಿಗೆ ರಜೆ ಕೊಡುತ್ತಾರೆ. ಆಟಗಾರನಿಗೆ ಇದಕ್ಕಿಂತ ಸ್ವರ್ಗ ಬೇರೆ ಇಲ್ಲ. ನನ್ನ ಫೈಲನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ನೋಡಿ ಮುಚ್ಚಿದರು.

"ನೋಡ್ರೀ ಮಹಾಂತೇಶ್, ನೀವು ಒಂದಿನ ಆನೆ ಹೊಡೀತೀರಿ. ಮಾರನೇ ದಿನ ಇಲಿ ಕಂಡ್ರೆ ಓಡ್ತೀರಿ. ನಮಗೆ ಆನೆ ಬೇಡ. ದಿನಾ ಬರೋರು ಬೇಕು."

ಷರತ್ತು ಇದು: ಈ ವರ್ಷದ ಮೂರು ಟೂರ್ನಿ, ಆಗಸ್ಟಿನಲ್ಲಿ ಹುಬ್ಬಳ್ಳಿ, ಸೆಪ್ಟೆಂಬರಿನಲ್ಲಿ ಕೊಯಮತ್ತೂರು, ನವೆಂಬರಿನಲ್ಲಿ ನಮ್ಮ ಮೈಸೂರು. ಮೂರರಲ್ಲೂ ಕ್ವಾರ್ಟರ್ ಫೈನಲ್ ಮುಟ್ಟಬೇಕು. ಒಂದರಲ್ಲಿ ತಪ್ಪಿದರೂ ಹುದ್ದೆ ಒಬ್ಬ ಕಬಡ್ಡಿ ಆಟಗಾರನಿಗೆ ಹೋಗುತ್ತದೆ. ನನ್ನ ಜನ್ಮದಲ್ಲಿ ಸತತವಾಗಿ ಎರಡು ಕ್ವಾರ್ಟರ್ ಫೈನಲ್ ಆಡಿದ್ದಿಲ್ಲ.

ಅಪ್ಪ ಕೇಳಿ ಖುಷಿಪಟ್ಟರು. "ಒಳ್ಳೇದೇ ಆಯ್ತು. ನವೆಂಬರ್‌ವರೆಗೆ ನೋಡು. ಆಗಲಿಲ್ವೋ, ಡಿಸೆಂಬರ್ ಒಂದನೇ ತಾರೀಖು ಅಂಗಡೀಲಿ ಸ್ಟೂಲ್ ಹಾಕಿರ್ತೀನಿ." ಅಪ್ಪನದು ಗ್ರಂಥಿಗೆ ಅಂಗಡಿ. ವಿಭೂತಿ, ಊದುಬತ್ತಿ, ಅರಿಶಿನ, ಕುಂಕುಮ. ಅಲ್ಲಿ ಕೂತರೆ ನನಗೆ ಸೀನು ನಿಲ್ಲುವುದಿಲ್ಲ. ನಗುವ ವಿಷಯವಲ್ಲ ಇದು. ನನಗೆ ನಿಜವಾಗಿಯೂ ಭಯವಾಗಿದೆ.

೩೦ ಮಾರ್ಚ್

ಅಪ್ಪ ಇನ್ನು ಚೆಂಡು ಕೊಡಿಸುವುದಿಲ್ಲವಂತೆ. ಜಯಲಕ್ಷ್ಮಿಪುರಂ ಕ್ಲಬ್ಬಿನ ಸೆಕ್ರೆಟರಿ ರಾಮಸ್ವಾಮಿಯವರ ಹತ್ತಿರ ಹೋಗಿ, ಸಂಜೆ ಹೊತ್ತು ಒಂದು ಕೋರ್ಟು ಬಿಟ್ಟುಕೊಡಿ ಎಂದು ಕೇಳಿದೆ. ಅವರು ನೀರಾವರಿ ಇಲಾಖೆಯಲ್ಲಿ ಎಂಜಿನಿಯರಾಗಿ ನಿವೃತ್ತರಾದವರು, ಏನನ್ನೂ ಸುಮ್ಮನೆ ಬಿಡುವವರಲ್ಲ.

"ಕೋರ್ಟೂ ಕೊಡ್ತೀನಿ, ಚೆಂಡೂ ಕೊಡ್ತೀನಿ. ನಮ್ಮ ಮಾರ್ಕರ್ ಮಹದೇವುಗೆ ಮಂಡಿ ಹೋಗಿಬಿಟ್ಟಿದೆ. ಬೆಳಿಗ್ಗೆ ಐದೂವರೆಯಿಂದ ಒಂಬತ್ತರ ತನಕ ಆ ಕೆಲಸ ನೀನು ಮಾಡು."

ಮಾರ್ಕರ್ ಅಂದರೆ ಕೋರ್ಟಿಗೆ ನೀರು ಹಾಕುವವನು, ರೋಲರ್ ಎಳೆಯುವವನು, ಸುಣ್ಣದ ಗೆರೆ ಹಾಕುವವನು. ಜೊತೆ ಸಿಗದ ಮೆಂಬರುಗಳ ಎದುರಿಗೆ ನಿಂತು ಅವರಿಗೆ ಹಿತವಾಗುವ ಹಾಗೆ ಚೆಂಡು ಹೊಡೆದುಕೊಡುವವನು. ಮೆಂಬರುಗಳ ಕುರ್ಚಿಯಲ್ಲಿ ಅವನು ಕೂರುವ ಹಾಗಿಲ್ಲ. ಮೂರನೇ ಶ್ರೇಯಾಂಕದವನನ್ನು ೬-೧, ೬-೨ರಲ್ಲಿ ಹೊಡೆದ ನಾನು ಮಾರ್ಕರ್.

ಒಪ್ಪಿಕೊಂಡು ಬಂದೆ. ಮನೆಯಲ್ಲಿ 'ವಿಶೇಷ ತರಬೇತಿ' ಎಂದು ಹೇಳಿದ್ದೇನೆ.

೨ ಏಪ್ರಿಲ್

ಆರು ಗಂಟೆಗೆ ಜೋಸೆಫಿನ್ ಮೇಡಂ. ಕಾನ್ವೆಂಟ್ ಶಾಲೆಯಲ್ಲಿ ಮೂವತ್ತು ವರ್ಷ ಹೆಡ್‌ಮಿಸ್ಟ್ರೆಸ್ ಆಗಿದ್ದವರು, ಈಗ ಅರವತ್ತೊಂಬತ್ತು. ಎಡಗಾಲು ಸೆಟೆದುಕೊಂಡಿದೆ, ಆ ಕಡೆ ತಿರುಗಲಾರರು. ಬಲಗಡೆ ಫೋರ್‌ಹ್ಯಾಂಡಿಗೆ ಚೆಂಡು ಹೋದರೆ ಮಾತ್ರ ಹೊಡೆಯುತ್ತಾರೆ. ಬಿಳಿ ಕ್ಯಾನ್ವಾಸ್ ಶೂ, ತಲೆಗೆ ಹ್ಯಾಟು, ಭಾನುವಾರ ಮಾತ್ರ ಚರ್ಚಿನ ಪೂಜೆಗೆ ಹೋಗಬೇಕಾದ್ದರಿಂದ ರಜೆ.

ಮೂರನೇ ಚೆಂಡಿಗೆ ಕೈ ತುರಿಸಿತು. ಗೆರೆಯ ಮೇಲೆ ಒಂದು ಬ್ಯಾಕ್‌ಹ್ಯಾಂಡ್ ಬಿಟ್ಟೆ. ನೋಡಿದವರು ಕಣ್ಣು ತುಂಬಿಕೊಳ್ಳಬೇಕು, ಅಂಥ ಹೊಡೆತ. ಮೇಡಂ ಅಲ್ಲಾಡಲಿಲ್ಲ. ಚೆಂಡು ಹೋಗಿ ಬೇಲಿಗೆ ಬಡಿದು ನಿಂತ ಮೇಲೆ ಕೇಳಿದರು.

"ಇದನ್ನ ಯಾರಿಗಪ್ಪ ತೋರಿಸ್ತಾ ಇದೀಯ? ಇಲ್ಲಿ ನಾನೊಬ್ಬಳೇ ಇರೋದು."

ಹೋಗಿ ಚೆಂಡು ಹೆಕ್ಕಿಕೊಂಡು ಬಂದೆ.

೧೧ ಏಪ್ರಿಲ್

ಹಳೆಯ ಮಾರ್ಕರ್ ಮಹದೇವು ಈಗ ಉದಯಗಿರಿಯಲ್ಲಿ ಮಗಳ ಮನೆಯಲ್ಲಿದ್ದಾನೆ. ಮಂಡಿ ಹೋದರೂ ಬಸ್ಸು ಹತ್ತಿ ಕುಂಟುತ್ತಾ ಬರುತ್ತಾನೆ, ನನ್ನ ಕೆಲಸದಲ್ಲಿ ತಪ್ಪು ಹುಡುಕಲು. ನಲವತ್ತು ವರ್ಷ ಮಾರ್ಕರ್ ಆಗಿದ್ದವನು. ಒಂದೇ ಒಂದು ಟೂರ್ನಿ ಆಡಿದವನಲ್ಲ, ಆದರೂ ನನಗೆ ಪಾಠ ಹೇಳುತ್ತಾನೆ.

"ಚೆಂಡ ಅವ್ರ ಬ್ಯಾಟ್ಗೇ ಕೊಡ್ಬೇಕು ಕಣಪ್ಪ. ಎತ್ಲಾಗೋ ಒಡ್ದು ಓಡಾಡ್ಸುದ್ರೆ ಅದು ಆಟ. ಅವ್ರ್ ಬ್ಯಾಟ್ಗೆ ಕೊಟ್ರೆ ಅದು ಕಸುಬು."

ಇನ್ನೊಂದು ಪಾಠ: ಮೆಂಬರುಗಳು ಆಡುತ್ತಾ ಏನೇನೋ ಹೇಳಿಕೊಳ್ಳುತ್ತಾರೆ, ಬೆನ್ನು ನೋವು, ಸೊಸೆ ಕಾಟ, ತಮ್ಮ ಆಟದ ಹುಳುಕು. ಅದು ಸುಣ್ಣದ ಗೆರೆ ದಾಟಿ ಆಚೆ ಹೋಗಬಾರದು. ಯಾರಿಗೆ ಬೇಕಾಗಿದೆ ರಾಮಸ್ವಾಮಿಯವರ ಬೆನ್ನು ನೋವು?

೮ ಮೇ

ರಾಮಸ್ವಾಮಿಯವರ ಎದುರು ಸೋಲುವುದು ಸುಲಭ ಅಂದುಕೊಂಡಿದ್ದೆ. ಮೊದಲ ದಿನ ೦-೬ ಸೋತೆ, ಅವರಿಗೆ ಸಿಟ್ಟು ಬಂತು. "ನನ್ನನ್ನ ಏನು ಅಂತ ತಿಳ್ಕೊಂಡಿದೀಯ?" ಮಾರನೇ ದಿನ ಮರೆತು ಗೆದ್ದುಬಿಟ್ಟೆ, ಕೋರ್ಟಿನಲ್ಲಿ ಹುಲ್ಲು ಬೆಳೆದಿದೆ ಎಂದು ಬೈದು ಕೀಳಿಸಿದರು. ಮಹದೇವು ವಿವರಿಸಿದ ಮೇಲೆ ಗೊತ್ತಾಯಿತು: ೪-೬ ಸೋಲಬೇಕು. ಪ್ರತಿ ಗೇಮೂ ಹತ್ತು ಹದಿನೈದು ಹೊಡೆತದ ತನಕ ಎಳೆಯಬೇಕು, ಅವರಿಗೆ ಬೆವರು ಬರಬೇಕು, ಕೊನೆಗೆ ಕಷ್ಟಪಟ್ಟು ಗೆದ್ದೆ ಅನ್ನಿಸಬೇಕು. ಇಷ್ಟು ಲೆಕ್ಕಾಚಾರ ನಾನು ಗೆಲ್ಲುವುದಕ್ಕೂ ಹಾಕಿದವನಲ್ಲ.

ಇವತ್ತು ಸರಿಯಾಗಿ ೪-೬ ಸೋತೆ. ಕಾಫಿ ಕೊಡಿಸಿದರು, ನಿಂತುಕೊಂಡೇ ಕುಡಿದೆ.

೧೯ ಜೂನ್

ನನ್ನ ಆಟ ಕೆಟ್ಟುಹೋಗುತ್ತಿದೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ಸಂಜೆ ನಾನೊಬ್ಬನೇ ಗೋಡೆಗೆ ಹೊಡೆಯುವಾಗಲೂ ಗೆರೆಯ ಮೇಲೆ ಹೊಡೆಯಲು ಕೈ ಹೆದರುತ್ತದೆ. ಮೊದಲು ಹತ್ತರಲ್ಲಿ ಎರಡು ಚೆಂಡು ಗೆರೆಗೆ ಬಡಿದು ಸುಣ್ಣ ಹಾರುತ್ತಿತ್ತು, ಉಳಿದ ಎಂಟು ಬೇಲಿಗೆ. ಆ ಎರಡರಲ್ಲಿ ಒಂದು ಸೊಬಗಿತ್ತು. ಈಗ ಹತ್ತಕ್ಕೆ ಹತ್ತೂ ಒಳಗೇ ಬೀಳುತ್ತವೆ, ಗೆರೆಯಿಂದ ಮಾರು ದೂರದಲ್ಲಿ, ಒಂದಾದರೂ ನೋಡುವಂತಿಲ್ಲ.

ಬೆಳಿಗ್ಗೆ ಜೋಸೆಫಿನ್ ಮೇಡಂ ಒಂದು ಚೆಂಡನ್ನು ತೊಂಬತ್ತೆರಡು ಸಲ ಆಚೀಚೆ ಮಾಡಿದೆವು ಎಂದು ಎಣಿಸಿ ಹೇಳಿದರು. ಅವರಿಗೇ ತಪ್ಪಿತು, ನನಗಲ್ಲ. ಅದರಲ್ಲಿ ಹೆಮ್ಮೆಪಡುವುದು ಏನಿದೆ?

೧೪ ಜುಲೈ

ಮಳೆ. ರೋಲರ್ ಎಳೆದೆ. ಮತ್ತೆ ಮಳೆ. ಮತ್ತೆ ಎಳೆದೆ.

೨೩ ಆಗಸ್ಟ್, ಹುಬ್ಬಳ್ಳಿಯಿಂದ ವಾಪಸ್

ಕ್ವಾರ್ಟರ್ ಫೈನಲ್ ಮುಟ್ಟಿದೆ. ಆದರೆ ಹೇಗೆ ಮುಟ್ಟಿದೆ ಅಂತ ಕೇಳಿದರೆ ನಾಚಿಕೆ. ಎರಡು ಪಂದ್ಯದಲ್ಲೂ ನಾನು ಏನೂ ಮಾಡಲಿಲ್ಲ. ಚೆಂಡು ಬಂತು, ವಾಪಸ್ ಕೊಟ್ಟೆ. ಮತ್ತೆ ಬಂತು, ಮತ್ತೆ ಕೊಟ್ಟೆ. ಇಪ್ಪತ್ತನೆಯದೋ ಮೂವತ್ತನೆಯದೋ ಹೊಡೆತಕ್ಕೆ ಅವರೇ ಬೇಸತ್ತು ಹೊರಗೆ ಹೊಡೆದುಕೊಂಡರು. ಮೊದಲ ಸುತ್ತಿನವನು ಕೈ ಕುಲುಕುವಾಗ, "ನಿಂಗ ಮಾಡಾಕ ಬ್ಯಾರೆ ಕೆಲಸ ಇಲ್ಲೇನು?" ಎಂದ. ಅವನಿಗೆ ಹತ್ತೊಂಬತ್ತು ವರ್ಷ ಇರಬೇಕು. ಅವನು ಒಳ್ಳೆಯ ಹೊಡೆತ ಹೊಡೆದಾಗಲೆಲ್ಲ ನನ್ನ ಬಾಯಿಂದ 'ಗುಡ್ ಶಾಟ್ ಸಾರ್' ಅಂತ ಬಂದುಬಿಡುತ್ತಿತ್ತು. ಅಂಪೈರು ಎರಡು ಸಲ ನನ್ನನ್ನೇ ನೋಡಿದ.

ಕ್ವಾರ್ಟರ್ ಫೈನಲಿನಲ್ಲಿ ಸೋತೆ, ಮೂರು ಸೆಟ್ಟು. ಕಾರಣ ಹುಡುಕಲು ಕೂತೆ, ಏನೂ ಸಿಗಲಿಲ್ಲ. ಅವನು ನನಗಿಂತ ಚೆನ್ನಾಗಿ ಆಡಿದ.

ಪತ್ರಿಕೆಯಲ್ಲಿ ನನ್ನ ಹೆಸರೇ ಇಲ್ಲ. ಗೆದ್ದಾಗ ಹೆಸರಿಲ್ಲ, ಸೋತಾಗ ಭರವಸೆಯ ಆಟಗಾರ. ಎಂಥ ಜನವಪ್ಪ.

೨೦ ಸೆಪ್ಟೆಂಬರ್

ಕೊಯಮತ್ತೂರು. ಮತ್ತೆ ಕ್ವಾರ್ಟರ್ ಫೈನಲ್. ಅದೇ ಗೋಳು, ಒಂದೇ ಒಂದು ಹೊಡೆತ ನೆನಪಿನಲ್ಲಿಟ್ಟುಕೊಳ್ಳುವಂಥದ್ದಿಲ್ಲ. ಅದೃಷ್ಟ ಎಷ್ಟು ದಿನ ಕೈ ಹಿಡಿಯುತ್ತದೆ?

ತೋಮಸ್ ಸಾಹೇಬರಿಗೆ ಫಲಿತಾಂಶ ತೋರಿಸಲು ಹೋಗಿದ್ದೆ. ಕನ್ನಡಕ ತೆಗೆದು ನೋಡಿದರು. "ಏನ್ರೀ ಇದು, ನೀವೇನಾ? ಯಾರ ಹತ್ರ ತರಬೇತಿ ತಗೊಳ್ತಾ ಇದೀರಿ?" ಬೆಳಿಗ್ಗೆ ರೋಲರ್ ಎಳೆದ ಕೆಮ್ಮಣ್ಣು ಉಗುರಿನಲ್ಲಿತ್ತು. ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಮಾರ್ಕರ್ ಅಂದರೆ ಯಾರು ಹುದ್ದೆ ಕೊಡುತ್ತಾರೆ? "ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಸಾರ್," ಎಂದೆ. "ಅದಕ್ಕೇ ಮತ್ತೆ," ಎಂದರು.

ಇನ್ನು ಒಂದು ಟೂರ್ನಿ.

೯ ನವೆಂಬರ್, ಸೋಮವಾರ

ನಾಳೆಯಿಂದ ಮೈಸೂರು ಟೂರ್ನಿ, ನಮ್ಮ ಕ್ಲಬ್ಬಿನಲ್ಲೇ. ಇಲ್ಲಿ ನಾನು ಆಟಗಾರನೂ ಹೌದು, ಮಾರ್ಕರನೂ ಹೌದು. ಐದಕ್ಕೆ ಬಂದು ನಾಲ್ಕು ಕೋರ್ಟಿಗೂ ನೀರು ಹಾಕಿ, ಗೆರೆ ಎಳೆದು ಮುಗಿಸುವಷ್ಟರಲ್ಲಿ ಎರಡನೇ ಶ್ರೇಯಾಂಕದ ಜೋಶುವಾ ಬಂದ. ಬೆಂಗಳೂರಿನವನು, ದೇಶದಲ್ಲಿ ಮೂವತ್ತೊಂದು. ಕೈಯಲ್ಲಿ ಆರು ರಾಕೆಟ್ಟು. ಅವನ ಜೊತೆಗಾರ ಇನ್ನೂ ಬಸ್ಸಿನಲ್ಲಿದ್ದನಂತೆ. ನಾನು ಸುಣ್ಣದ ಬಕೆಟ್ ಹಿಡಿದು ನಿಂತಿದ್ದೆ.

"ಇಲ್ಲಿಯ ಮಾರ್ಕರಾ? ಬಾರಪ್ಪ, ಒಂದು ಗಂಟೆ ಹೊಡಿ."

ಆಟಗಾರ ಅಂತ ಹೇಳಬೇಕಿತ್ತು. "ಬಂದೆ ಸಾರ್" ಎಂದೆ. ಅಭ್ಯಾಸಬಲ.

ಒಂದು ಗಂಟೆ ಅವನ ಬ್ಯಾಟಿಗೇ ಚೆಂಡು ಕೊಟ್ಟೆ. ಅವನ ಫೋರ್‌ಹ್ಯಾಂಡ್ ಅಂದರೆ ಸಿಡಿಲು. ಕೊನೆಯ ಹತ್ತು ನಿಮಿಷ ಇರುವಾಗ ನೆಟ್ಟಿನ ಹತ್ತಿರ ಬಂದು ದನಿ ತಗ್ಗಿಸಿದ.

"ಈಗ ಬ್ಯಾಕ್‌ಹ್ಯಾಂಡಿಗೆ ಹಾಕು, ಭುಜದ ಮೇಲೆ ಬರೋ ಹಾಗೆ, ಎತ್ತರಕ್ಕೆ. ಅಲ್ಲಿ ಬಂದ್ರೆ ನಂಗೆ ಏನೂ ಮಾಡಕ್ಕಾಗಲ್ಲ. ನಮ್ಮ ಕೋಚ್ ಬಿಟ್ರೆ ಯಾರಿಗೂ ಗೊತ್ತಿಲ್ಲ ಇದು."

ಹಾಕಿದೆ. ನಿಜ. ಹತ್ತರಲ್ಲಿ ಎಂಟು ನೆಟ್ಟಿಗೆ.

ಸಂಜೆ ಯಾರಿಗೆ ಯಾರು ಎದುರು ಅನ್ನುವ ಡ್ರಾ ಅಂಟಿಸಿದರು. ನಾನು ಮತ್ತು ಅವನು ಮೊದಲ ಸುತ್ತು ಗೆದ್ದರೆ ಗುರುವಾರ ಎರಡನೇ ಸುತ್ತಿನಲ್ಲಿ ಇಬ್ಬರೂ ಎದುರುಬದುರು. ಗೆದ್ದವನು ಕ್ವಾರ್ಟರ್ ಫೈನಲಿಗೆ. ನನ್ನ ಹುದ್ದೆ ಅವನ ಭುಜದ ಮೇಲೆ ಕೂತಿದೆ, ಅದೂ ಅವನೇ ತೋರಿಸಿಕೊಟ್ಟ ಜಾಗದಲ್ಲಿ.

೧೧ ನವೆಂಬರ್

ನಿನ್ನೆ ನಾನು ಗೆದ್ದೆ, ಅವನೂ ಗೆದ್ದ. ಇವತ್ತು ಉದಯಗಿರಿಗೆ ಹೋದೆ. ಮಹದೇವು ಮಗಳ ಮನೆಯ ಜಗುಲಿಯ ಮೇಲೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದ. ಎಲ್ಲ ಹೇಳಿದೆ, ಯಾವ ಜಾಗ ಅನ್ನುವುದನ್ನು ಬಿಟ್ಟು. ಹುಳುಕು ಗೊತ್ತಿದ್ದೂ ಬಿಡುವುದು ಹೇಗೆ, ಹುದ್ದೆ ಹೋದರೆ ಸ್ಟೂಲು, ಏನು ಮಾಡಲಿ ಎಂದು ಕೇಳಿದೆ. ಅವನು ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಅವ್ರು ಯಾರ್ಗೆ ಯೋಳುದ್ರು ಅದ? ಮಾಂತೇಸಂಗೋ, ಮಾರ್ಕರ್ಗೋ?"

"ಮಾರ್ಕರ್‌ಗೆ."

"ಅಂಗಾದ್ರೆ ಮಾರ್ಕರ್ ಮಾತ ಮಾಂತೇಸಂಗೆ ಯಾಕಪ್ಪ ಯೋಳ್ತಿಯೆ? ಗಂಟ್ ಕಟ್ಟಿ ಮಡಗ್ಬುಡು."

ಹೇಳುವುದು ಸುಲಭ. ಅವನಿಗೇನು, ಮಂಡಿ ಒಂದೇ ಚಿಂತೆ. ಬಸ್ಸಿನಲ್ಲಿ ಬರುತ್ತಾ ತೀರ್ಮಾನ ಮಾಡಿದೆ: ಮರ್ಯಾದೆಯಿಂದ ಆಡುತ್ತೇನೆ. ತೀರಾ ಮುಳುಗುವ ಹಾಗಾದರೆ ಮಾತ್ರ ಅಲ್ಲಿಗೆ ಹಾಕುತ್ತೇನೆ.

೧೨ ನವೆಂಬರ್, ಗುರುವಾರ

ಇವತ್ತೇ ಬರೆಯಬೇಕು. ನಾಳೆಯ ಹೊತ್ತಿಗೆ ನಾನೇ ಕಥೆ ಕಟ್ಟಲು ಶುರುಮಾಡುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಬಿಳಿ ಬಟ್ಟೆ ಹಾಕಿಕೊಂಡು ಕೋರ್ಟಿಗಿಳಿದೆ. ಜೋಶುವಾ ನನ್ನನ್ನು ನೋಡಿ, "ನೀರಿನ ಕ್ಯಾನ್ ಆ ಕುರ್ಚಿ ಹತ್ರ ಇಡಪ್ಪ," ಎಂದ. ಇಟ್ಟೆ. ಇಟ್ಟು ಎದುರುಗಡೆ ಹೋಗಿ ನಿಂತೆ. ಅವನು ಒಂದು ಸಲ ನನ್ನನ್ನು, ಒಂದು ಸಲ ಅಂಪೈರನ್ನು ನೋಡಿದ. ಅಂಪೈರು ಹೆಸರು ಕೂಗಿದ. ಜೋಶುವಾನ ಮುಖದ ಬಣ್ಣ ಇಳಿಯಿತು. ನನಗೆ ನಿಜವಾಗಲೂ ಪಾಪ ಅನ್ನಿಸಿತು.

ಮೊದಲ ಸೆಟ್ ೨-೬. ಅವನ ಫೋರ್‌ಹ್ಯಾಂಡಿಗೇ ಚೆಂಡು ಕೊಟ್ಟರೆ ಇನ್ನೇನಾಗುತ್ತದೆ? ಬೇಲಿಯ ಆಚೆ ಮಹದೇವು ಕಲ್ಲಿನ ಮೇಲೆ ಕೂತಿದ್ದ. ಪಕ್ಕದಲ್ಲಿ ಹ್ಯಾಟು ಹಾಕಿಕೊಂಡ ಜೋಸೆಫಿನ್ ಮೇಡಂ. ಪೆವಿಲಿಯನ್ನಿನಲ್ಲಿ ತೋಮಸ್ ಸಾಹೇಬರು. ಅಪ್ಪ ಬಂದಿರಲಿಲ್ಲ, ಕಾರ್ತಿಕ ಮಾಸ, ಅಂಗಡಿಯಲ್ಲಿ ನೂಕುನುಗ್ಗಲು.

ಎರಡನೇ ಸೆಟ್ಟಿನಲ್ಲಿ ಒಂದು ವಿಚಿತ್ರ ನೋಡಿದೆ. ಜೋಶುವಾ ಪ್ರತಿ ಹೊಡೆತವಾದ ಮೇಲೂ ಒಂದು ಹೆಜ್ಜೆ ಎಡಕ್ಕೆ ಸರಿದು, ರಾಕೆಟ್ಟನ್ನು ಭುಜದ ಹತ್ತಿರ ಎತ್ತಿ ಹಿಡಿದುಕೊಳ್ಳುತ್ತಿದ್ದ. ಚೆಂಡು ಮಾತ್ರ ಬಲಕ್ಕೇ ಹೋಗುತ್ತಿತ್ತು, ಅವನು ಓಡಿಬಂದು ತಡವಾಗಿ ಹೊಡೆಯುತ್ತಿದ್ದ. ಸಿಡಿಲಿನಂಥ ಫೋರ್‌ಹ್ಯಾಂಡ್ ಒಂದೊಂದೇ ನೆಟ್ಟಿಗೆ ಬೀಳತೊಡಗಿತು. ಕಡೆ ಬದಲಾಯಿಸುವಾಗ ಹಲ್ಲು ಕಚ್ಚಿಕೊಂಡು ಕೇಳಿದ.

"ಯಾವಾಗ ಹಾಕ್ತೀಯ?"

"ಏನ್ ಸಾರ್?"

"ಸಾರ್ ಅನ್ಬೇಡ," ಎಂದ. ಅಂಪೈರು ಅವನಿಗೆ ಎಚ್ಚರಿಕೆ ಕೊಟ್ಟ. ಸೆಟ್ ೭-೫, ನನಗೆ.

ಮೂರನೆಯದು ಮುಗಿಯುವ ಹಾಗೇ ಕಾಣಲಿಲ್ಲ. ಒಂದು ಪಾಯಿಂಟಿಗೆ ನಲವತ್ತು ಹೊಡೆತ, ಐವತ್ತು ಹೊಡೆತ. ಅವನು ಒಂದು ರಾಕೆಟ್ಟನ್ನು ನೆಲಕ್ಕೆ ಬಡಿದು ಮುರಿದ. ನೆಲ ನಾನೇ ರೋಲ್ ಮಾಡಿದ್ದು, ಗುಂಡಿ ಬಿದ್ದಿತು. ಹೋಗಿ ಕಾಲಿನಿಂದ ಸಮ ಮಾಡಿ ಬಂದೆ. ಜನ ನಕ್ಕರು. ನಾನು ತಮಾಷೆಗೆ ಮಾಡಿದ್ದಲ್ಲ.

ಆರು-ಆರು ಸಮವಾಗಿ ಕೊನೆಗೆ ಟೈಬ್ರೇಕ್. ೬-೫, ನನ್ನ ಕಡೆಗೆ ಮ್ಯಾಚ್ ಪಾಯಿಂಟ್. ಇಪ್ಪತ್ತೋ ಮೂವತ್ತೋ ಹೊಡೆತವಾದ ಮೇಲೆ ಅವನ ಚೆಂಡು ಮೆತ್ತಗೆ ಬಂದು ಕೋರ್ಟಿನ ನಡುವೆ ಪುಟಿಯಿತು. ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದಾದಂಥ ಚೆಂಡು. ನಿಜ ಬರೆಯುತ್ತೇನೆ. ನನಗೆ ಆಗ ಮಹದೇವು ನೆನಪಾಗಲಿಲ್ಲ, ಮಾರ್ಕರನ ಮರ್ಯಾದೆ ನೆನಪಾಗಲಿಲ್ಲ. ಸ್ಟೂಲು ನೆನಪಾಯಿತು. ಹಾಕಿಬಿಡೋಣ, ಎತ್ತರಕ್ಕೆ, ಬ್ಯಾಕ್‌ಹ್ಯಾಂಡಿನ ಭುಜಕ್ಕೆ, ಎಂದು ತೀರ್ಮಾನಿಸಿದೆ. ತೀರ್ಮಾನಿಸಿಯೇ ಹೊಡೆದೆ.

ಕೈ ಕೇಳಲಿಲ್ಲ. ಏಳು ತಿಂಗಳಿಂದ ದಿನಾ ಆರು ಗಂಟೆಗೆ ಜೋಸೆಫಿನ್ ಮೇಡಂ ಅವರ ಬಲಗಡೆಗೆ ಹಾಕಿ ಹಾಕಿ ಆ ಕೈಗೆ ಬೇರೆ ದಾರಿಯೇ ಮರೆತುಹೋಗಿದೆ. ಚೆಂಡು ನಿಧಾನವಾಗಿ, ಸೊಂಟದೆತ್ತರಕ್ಕೆ, ಅವನ ಫೋರ್‌ಹ್ಯಾಂಡ್ ಇರಬೇಕಾದ ಜಾಗಕ್ಕೇ ಹೋಯಿತು. ಅವನು ಅಲ್ಲಿರಲಿಲ್ಲ. ಎಡಮೂಲೆಗೆ ಓಡಿಹೋಗಿ, ರಾಕೆಟ್ಟನ್ನು ಭುಜದ ಮೇಲೆತ್ತಿ, ಮೂರು ಗಂಟೆ ಹೊತ್ತಿನಿಂದ ಬಾರದಿದ್ದ ಚೆಂಡಿಗೆ ಕಾಯುತ್ತಾ ನಿಂತಿದ್ದ. ಚೆಂಡು ಎರಡು ಸಲ ಪುಟಿದು ಬೇಲಿಯ ಹತ್ತಿರ ಹೋಗಿ ನಿಂತಿತು.

"ಸಾರಿ ಸಾರ್," ಎಂದೆ.

ಕೈ ಕುಲುಕುವಾಗ ಜೋಶುವಾ ನನ್ನ ಕೈ ಬಿಡಲೇ ಇಲ್ಲ. "ಏನು ಮೈಂಡ್ ಗೇಮ್ ಆಡ್ತೀರ್ರೀ ನೀವು. ಒಂದೇ ಒಂದ್ಸಲ ಹಾಕಿದ್ರೂ ನಾನು ನೆಮ್ಮದಿಯಾಗಿ ಇರ್ತಿದ್ದೆ." ತೋಮಸ್ ಸಾಹೇಬರು ಬೆನ್ನು ತಟ್ಟಿ, "ತಂತ್ರ ಅಂದ್ರೆ ಇದು ಕಣ್ರೀ," ಎಂದರು. ಬೇಲಿಯ ಹತ್ತಿರ ಹೋದರೆ ಮಹದೇವು ಕಣ್ಣೊರೆಸಿಕೊಳ್ಳುತ್ತಿದ್ದ.

"ಅಷ್ಟು ಕಷ್ಟ ಬಂದ್ರೂ ಮಾತ ಉಳಿಸ್ಕಂಡ್ಬುಟ್ಟೆ ಕಣಪ್ಪ. ನಾನಾಗಿದ್ರೆ ಆಯ್ತಿತ್ತೋ ಇಲ್ವೋ."

ಅವನಿಗೆ ಏನು ಹೇಳಲಿ? ಉಳಿಸಿಕೊಂಡದ್ದು ನಾನಲ್ಲ, ನನ್ನ ಕೈ. ಬಾಯಿ ಮುಚ್ಚಿಕೊಂಡು ಬಂದೆ. ಗೆದ್ದ ಖುಷಿಯಲ್ಲಿ ಅರ್ಧ ಅಲ್ಲೇ ಹೋಯಿತು.

೧೩ ನವೆಂಬರ್

ಕ್ವಾರ್ಟರ್ ಫೈನಲ್ ಸೋತೆ, ೪-೬, ೪-೬. ರಾಮಸ್ವಾಮಿಯವರು ಬಂದು ಕಿವಿಯಲ್ಲಿ, "ಅದು ಬೇಕು ಅಂತಾನೇ ಸೋತಿದ್ದಲ್ಲ ತಾನೇ?" ಎಂದು ಕೇಳಿದರು. ಅಲ್ಲ ಎಂದೆ. ನಂಬಿದ ಹಾಗೆ ಕಾಣಲಿಲ್ಲ. ಹಾಗಾದರೆ ಅವರ ಎದುರು ನಾನು ಬೇಕೆಂದೇ ಸೋಲುತ್ತಿದ್ದದ್ದು ಅವರಿಗೆ ಗೊತ್ತಿತ್ತೇ?

ಅಪ್ಪ ರಾತ್ರಿ ಊಟಕ್ಕೆ ಕೂತಾಗ, "ಸ್ಟೂಲು ಮಾರಿಬಿಟ್ಟೆ," ಎಂದರು. ಅಮ್ಮ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಹಾಕಿದಳು.

೨೩ ನವೆಂಬರ್, ಸೋಮವಾರ

ಕಾರ್ಖಾನೆಯಿಂದ ಅರ್ಜಿಯ ನಮೂನೆ ಬಂದಿತ್ತು. ಹೆಸರು, ತಂದೆಯ ಹೆಸರು, ಮೂರು ಟೂರ್ನಿಯ ಫಲಿತಾಂಶ, ಎಲ್ಲ ತುಂಬಿದೆ. ಹನ್ನೊಂದನೆಯ ಕಾಲಮ್ಮು: 'ತರಬೇತುದಾರರ ಹೆಸರು ಮತ್ತು ವಿಳಾಸ.' ಅಲ್ಲಿ ಪೆನ್ನು ನಿಂತಿತು.

ಬೆಂಗಳೂರಿನ ಯಾರದಾದರೂ ಹೆಸರು ಬರೆದಿದ್ದರೆ ಆಗುತ್ತಿತ್ತು. ಆದರೆ ತಂತ್ರಗಾರ ಅನ್ನುವ ಒಂದು ಸುಳ್ಳು ಹೊಗಳಿಕೆ ತೋಮಸ್ ಸಾಹೇಬರದು, ಪ್ರಾಮಾಣಿಕ ಅನ್ನುವ ಇನ್ನೊಂದು ಸುಳ್ಳು ಹೊಗಳಿಕೆ ಮಹದೇವುವಿನದು, ಎರಡನ್ನೂ ಹೊತ್ತುಕೊಂಡು ಓಡಾಡುತ್ತಿದ್ದೇನೆ. ಮೂರನೆಯದಕ್ಕೆ ಹೆಗಲಿಲ್ಲ. ಮಹದೇವು, ಮಾರ್ಕರ್, ಉದಯಗಿರಿ ಎಂದು ಬರೆದೆ. ಅದರ ಕೆಳಗೆ 'ಅಭ್ಯರ್ಥಿಯ ಈಗಿನ ಉದ್ಯೋಗ' ಅಂತ ಇತ್ತು. ಅಲ್ಲೂ ಮಾರ್ಕರ್ ಎಂದೇ ಬರೆದೆ. ಬರೆದಾದ ಮೇಲೆ ಮತ್ತೊಮ್ಮೆ ಓದಿದೆ. ಏಳು ತಿಂಗಳು ದುಡಿದದ್ದನ್ನು ಎರಡು ಪದದಲ್ಲಿ ಕಳೆದುಕೊಂಡೆನೇನೋ ಅನ್ನಿಸಿತು.

ಅರ್ಜಿ ಒಯ್ದು ಕೊಟ್ಟೆ. ತೋಮಸ್ ಸಾಹೇಬರು ಆ ಕಾಲಮ್ಮನ್ನು ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಮುಚ್ಚಿದರು.

"ಬೆಂಗಳೂರು ಅಂದಿದ್ರಿ."

"ಸುಳ್ಳು ಸಾರ್. ಮಾರ್ಕರ್ ಅಂದ್ರೆ ಕೆಲಸ ಕೊಡಲ್ಲ ಅಂತ ಹೆದರಿಕೊಂಡೆ."

ಅವರು ಕಿಟಕಿಯ ಕಡೆ ತಿರುಗಿ ನಿಂತರು.

"ಅಲ್ಲಾರೀ, ಇದನ್ನ ಮೊದಲೇ ಹೇಳಬಾರದಾ? ನಾನು ಎರಡು ವರ್ಷದಿಂದ ಟೆನಿಸ್ ಕಲೀತಾ ಇದೀನಿ, ಮೂರನೇ ಹೊಡೆತಕ್ಕೆ ಚೆಂಡು ಎಲ್ಲಿಗೋ ಹೋಗುತ್ತೆ. ಸ್ಪೋರ್ಟ್ಸ್ ಆಫೀಸರ್ ಆಗಿ ಯಾರನ್ನ ಕೇಳಲಿ ಹೇಳಿ. ನಾಳೆಯಿಂದ ಬೆಳಿಗ್ಗೆ ಆರಕ್ಕೆ ಬಂದ್ರೆ ಸ್ವಲ್ಪ ಹೊಡ್ಕೊಡ್ತೀರಾ?"

"ಆರಕ್ಕೆ ಆಗಲ್ಲ ಸಾರ್," ಎಂದೆ. "ಆರಕ್ಕೆ ಜೋಸೆಫಿನ್ ಮೇಡಂ ಇರ್ತಾರೆ. ಏಳಕ್ಕೆ ಬನ್ನಿ."

ಸಾಹೇಬರು ಜೇಬಿನ ಪುಸ್ತಕದಲ್ಲಿ ಏಳು ಗಂಟೆ ಎಂದು ಬರೆದುಕೊಂಡರು. ಆಮೇಲೆ ಅದೇ ಪೆನ್ನಿನಲ್ಲಿ ನನ್ನ ಅರ್ಜಿಗೆ ಸಹಿ ಹಾಕಿದರು.